ಹಾಲ್ ಗೋಡೆಯ ತೇವ

"ಯೋಚನೆ ಮಾಡಬೇಡಿ, ನೀರು ತಾನೇ ಚಿತ್ರ ಮಾಡುತ್ತದೆ" ಎಂದು ಫೀಸು ತೆಗೆದುಕೊಂಡು ಹೇಳುವವರೂ ಇದ್ದಾರೆಂಬುದನ್ನು ಈ ವಯಸ್ಸಿನಲ್ಲಿ ಕಣ್ಣಾರೆ ಕಂಡೆ. ನೀರು ತಾನೇ ಚಿತ್ರ ಮಾಡುವುದಾದರೆ ಇವರು ಯಾಕೆ ಬೇಕು? ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರೆ ಸಾಲದೇ?

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದು ನಿವೃತ್ತಳಾದವಳು. ಪಾಠ ಮುಗಿದಿಲ್ಲವೆಂದು ಗಣಿತದ ಮೇಷ್ಟರು ನನ್ನ ಪೀರಿಯಡ್ಡುಗಳನ್ನು ಕಸಿದುಕೊಳ್ಳುತ್ತಿದ್ದರು. ಉಳಿದದ್ದರಲ್ಲಿ ಮಕ್ಕಳ ಕೈಲಿ ಬಿಂದಿಗೆ, ಬದನೆಕಾಯಿ, ಮಡಚಿಟ್ಟ ಟವೆಲು ಬರೆಸುತ್ತಿದ್ದೆ. ಬೆಳಕು ಎಡಗಡೆಯಿಂದ ಬಂದರೆ ನೆರಳು ಬಲಗಡೆಗೆ ಬೀಳಬೇಕು. ಇಷ್ಟು ಗೊತ್ತಿಲ್ಲದವರು ಬ್ರಷ್ ಮುಟ್ಟಬಾರದು ಎಂಬುದು ನನ್ನ ಮತ. ಮುಂದೆ ಹೇಳುವುದನ್ನೆಲ್ಲ ನೋಡಿದ ಮೇಲೂ ಆ ಮತ ಬದಲಾಗಿಲ್ಲ.

ಬಸವೇಶ್ವರನಗರದಲ್ಲಿ ನಮ್ಮದು ಕೆಳಗೊಂದು ಮೇಲೊಂದು ಮನೆ. ಕೆಳಗೆ ನನ್ನ ಗಂಡನ ಅಣ್ಣ ಮತ್ತು ಅವರ ಹೆಂಡತಿ, ಮೇಲೆ ನಾವಿಬ್ಬರು. ಭಾವನವರು ಸರ್ಕಾರಿ ಇಂಜಿನಿಯರ್ ಆಗಿದ್ದವರು. ನಿವೃತ್ತಿಯ ನಂತರ ಅವರಿಗೆ ತಪಾಸಣೆ ಮಾಡಲು ಉಳಿದದ್ದು ಹೆಂಡತಿಯೊಬ್ಬರೇ. ಸಾರಿಗೆ ಉಪ್ಪು ಮುಂಚೆಯೇ ಹಾಕಬೇಕಿತ್ತು, ಹಾಲಿನ ಪಾತ್ರೆ ಒಲೆಯ ನಡುವೆ ಕೂತಿಲ್ಲ, ಬಟ್ಟೆ ಒಣಹಾಕಿದ ಹಗ್ಗ ಒಂದು ಕಡೆ ಇಳಿದಿದೆ. ಬೆಳಿಗ್ಗೆ ವಾಕಿಂಗಿಗೆ ಹೊರಟವರು ಬಾಗಿಲಲ್ಲಿ ನಿಂತು, ರಂಗೋಲಿಯ ಎಡದ ಎಲೆ ಬಲದ ಎಲೆಗಿಂತ ದಪ್ಪವಾಗಿದೆ ಎಂದು ಶೂಸಿನ ತುದಿಯಿಂದ ತೋರಿಸಿ ಹೋಗುತ್ತಿದ್ದರು. ಇವರನ್ನು ನಮ್ಮ ರಸ್ತೆಯಲ್ಲಿ ಎಲ್ಲರೂ ಬಹಳ ಸಂಭಾವಿತರು ಅನ್ನುತ್ತಾರೆ. ಸಂಭಾವಿತರನ್ನು ರಸ್ತೆಯಲ್ಲಿ ನೋಡಬಾರದು, ಅಡುಗೆಮನೆಯ ಬಾಗಿಲಲ್ಲಿ ನೋಡಬೇಕು.

ನನ್ನ ಓರಗಿತ್ತಿ ದಾವಣಗೆರೆಯ ಕಡೆಯಿಂದ ಬಂದವರು. ನಾನು ಅಕ್ಕ ಅನ್ನುತ್ತೇನೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಗಂಡನ ತಿದ್ದುಪಡಿಗಳಿಗೆಲ್ಲ "ಹೂಂ" ಎಂದೇ ಬದುಕಿದವರು. ಅವರ ಈ ತಾಳ್ಮೆಯನ್ನು ನಮ್ಮ ಕಡೆಯ ಹೆಂಗಸರು ಶರಣೆ ಎಂದೆಲ್ಲ ಹೊಗಳುವುದುಂಟು. ನನಗೆ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ತಾರಸಿಯ ಮೇಲೆ ಹಪ್ಪಳ ತಿರುವಿ ಹಾಕುತ್ತಿದ್ದಾಗ ಅಕ್ಕ ಮೊಬೈಲ್ ತಂದು ನನ್ನ ಮೂಗಿನ ಮುಂದೆ ಹಿಡಿದರು. ಯಾರೋ ಕಣ್ಣು ಮುಚ್ಚಿಕೊಂಡು ಒದ್ದೆ ಕಾಗದದ ಮೇಲೆ ಬಣ್ಣ ಹನಿಸುತ್ತಿದ್ದರು. ವಿಜಯನಗರದಲ್ಲಿ ಕ್ಲಾಸಂತೆ. ಮನಸ್ಸಿಗೆ ಬಂದ ಹಾಗೆ ನೀರು ಬಣ್ಣ.

"ಅದ್ರಲ್ಲಿ ತಪ್ಪು ಅನ್ನೋದೇ ಇಲ್ವಂತೆ ಕಣೇ" ಅಂದರು.

"ತಪ್ಪಿಲ್ಲ ಅಂದ್ರೆ ಸರಿನೂ ಇರಲ್ಲ ಅಕ್ಕ. ದುಡ್ಡು ದಂಡ."

ಅವರು ಮೊಬೈಲ್ ಆರಿಸಿ ಸೆರಗಿಗೆ ಒರೆಸಿಕೊಂಡರು. "ದಂಡ ಆದ್ರೆ ಆಗ್ಲಿ. ಹುಟ್ಟಿದಾಗ್ನಿಂದ ನಾನ್ ಮಾಡಿದ್ದನ್ನೆಲ್ಲ ಒಬ್ರಲ್ಲ ಒಬ್ರು ತಿದ್ದಿದಾರೆ. ಯಾರೂ ತಿದ್ದದೇ ಇರೋ ಅಂಥದ್ದು ಒಂದೇ ಒಂದು ನನ್ನ ಕೈಯಿಂದ ಆಗ್ಬೇಕು. ಸಾಯೋದ್ರೊಳಗೆ ಅಷ್ಟಾದ್ರೆ ಸಾಕು."

ಅವರ ಬಾಯಿಂದ ಇಷ್ಟುದ್ದದ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹಾಗಾಗಿ ಒಪ್ಪಿಕೊಂಡೆ. ಭಾವನವರೂ ಒಪ್ಪಿದರು. "ಜೊತೆಗೆ ನೀನಿರ್ತೀಯಲ್ಲಮ್ಮ, ಡ್ರಾಯಿಂಗ್ ಗೊತ್ತಿರೋಳು. ತಪ್ಪು ಮಾಡಿದ್ರೆ ಅಲ್ಲೇ ಹೇಳಿಕೊಡು" ಎಂದು ನನಗೆ ಜವಾಬ್ದಾರಿ ವಹಿಸಿದರು.

ನನ್ನ ಸ್ಕೂಟರಿನ ಹಿಂದೆ ಅಕ್ಕ ಬಣ್ಣದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಪಕ್ಕಕ್ಕೆ ಕೂರುತ್ತಿದ್ದರು. ಕ್ಲಾಸು ಮಾರ್ಕೆಟ್ ರಸ್ತೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಖಾರಾ ಬನ್ನಿನ ವಾಸನೆ, ಹೊರಗಿನಿಂದ ಬಿಎಂಟಿಸಿ ಬಸ್ಸಿನ ಹಾರ್ನು, ಒಳಗೆ ಮೊಬೈಲಿನಿಂದ ಕೊಳಲು. ಕೊಳಲು ಆಲಾಪಕ್ಕೆ ಏರುವಷ್ಟರಲ್ಲಿ ಜಾಹೀರಾತು ಬಂದು ಮಂಡಿನೋವಿನ ಎಣ್ಣೆಯ ವಿಚಾರ ಹೇಳುತ್ತಿತ್ತು. ಕಣ್ಣು ಮುಚ್ಚಿ ಕೂತ ಹೆಂಗಸರಲ್ಲಿ ಅರ್ಧ ಜನ ಅದಕ್ಕೇ ಕಣ್ಣು ಬಿಡುತ್ತಿದ್ದರು.

ಗುರುಗಳಿಗೆ ಮೂವತ್ತು ದಾಟಿರಲಿಕ್ಕಿಲ್ಲ. ತಲೆಗೂದಲನ್ನು ನೆತ್ತಿಗೆ ಗಂಟು ಕಟ್ಟಿ, ಇಸ್ತ್ರಿ ಕಾಣದ ಅಂಗಿ ತೊಟ್ಟು, ಬರಿಗಾಲಲ್ಲಿ ಓಡಾಡುತ್ತಿದ್ದರು. "ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ನಿಮ್ಮೊಳಗಿನ ಕಲಾವಿದನ್ನ ಕೊಂದುಬಿಟ್ಟಿದಾರೆ. ಇವತ್ತು ಅವನನ್ನ ವಾಪಸ್ ಕರಿಯೋಣ" ಎಂದು ಶುರುಮಾಡಿದರು. ಎಲ್ಲರೂ ತಲೆಯಾಡಿಸಿದರು. ಕೊಲೆಗಾರ್ತಿಯಾದ ನಾನು ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದೆ.

"ಕಾಗದ ಒದ್ದೆ ಮಾಡಿ. ಬ್ರಷ್ ನಿಮ್ಮನ್ನ ಎಲ್ಲಿಗೆ ಕರ್ಕೊಂಡ್ ಹೋಗುತ್ತೋ ಅಲ್ಲಿಗೆ ಹೋಗಿ. ಪ್ಲಾನ್ ಮಾಡ್ಬೇಡಿ, ಬರೀ ಫೀಲ್ ಮಾಡಿ" ಅಂದರು ಗುರುಗಳು.

ಸ್ವಲ್ಪ ಹೊತ್ತು ಬಿಟ್ಟು ಅವರು ಕಾಗದಗಳನ್ನು ನೋಡುತ್ತ ಬಂದರು. ಒಬ್ಬರೂ ಬಿಡದಂತೆ ಹೆಂಗಸರೆಲ್ಲ ಬ್ರಷ್ಷಿನ ತುದಿಯಿಂದ ಸಾಲಾಗಿ ಚುಕ್ಕಿ ಇಟ್ಟಿದ್ದರು. ಬೆಳಗಾದರೆ ಬಾಗಿಲ ಮುಂದೆ ಚುಕ್ಕಿ ಇಡುವ ಕೈಗೆ ನಿನ್ನ ಮನಸ್ಸು ಬಂದಂತೆ ಮಾಡು ಅಂದರೆ ಅದು ಇನ್ನೇನು ಮಾಡೀತು? ಮುಂದಿನ ಸಾಲಿನಲ್ಲಿದ್ದ ಒಬ್ಬಾಕೆ ಚುಕ್ಕಿಗಳು ಒದ್ದೆಯಲ್ಲಿ ಹರಡಿ ಹೋಗುವುದನ್ನು ನೋಡಿ ಗಾಬರಿಯಾಗಿ, "ಸಾರ್, ಎಷ್ಟು ಚುಕ್ಕಿ ಅಂತ ಮೊದ್ಲೇ ಹೇಳ್ಬಿಡಿ ಸಾರ್" ಎಂದು ಕೇಳಿದರು. ಗುರುಗಳು ಹಣೆ ಹಿಡಿದುಕೊಂಡರು. ಅವರಿಗೆ ಬೇಕಾಗಿದ್ದ ಸಹಜತೆ ಇದಲ್ಲ. ಯಾವ ಸಹಜತೆ ಬೇಕು ಎಂಬ ಮಾದರಿ ಗೋಡೆಯ ಮೇಲೆ ಆಗಲೇ ತೂಗುಹಾಕಿತ್ತು. ನೇರಳೆ, ನೀಲಿ, ಒಂದಿಷ್ಟು ಉಪ್ಪು ಚಿಮುಕಿಸಿದ ಬಿಳಿ ಕಲೆ.

ಅಕ್ಕನೂ ಚುಕ್ಕಿಯನ್ನೇ ಇಟ್ಟಿದ್ದರು. ಆದರೆ ಅವು ಹರಡಿದಾಗ ಅವರು ಗಾಬರಿಯಾಗಲಿಲ್ಲ. ಬ್ರಷ್ ಕೆಳಗಿಟ್ಟು ನೋಡುತ್ತ ಕೂತರು. ಆಮೇಲೆ ಕಂದು ಬಣ್ಣದಲ್ಲಿ ಬೆರಳುಗಳನ್ನೇ ಅದ್ದಿ, ರಂಗೋಲಿ ಪುಡಿ ಬಿಡುವಂತೆ ಎರಡು ಬೆರಳ ನಡುವಿನಿಂದ ಬಣ್ಣದ ನೀರನ್ನು ಇಳಿಬಿಟ್ಟರು. ಅದು ಎಲ್ಲೂ ಕೆರೆಯಾಗಿ ನಿಲ್ಲದೆ, ಎಲ್ಲೂ ಒಣಗಿ ಕಡಿಯದೆ ಒಂದೇ ಹದದಲ್ಲಿ ಹರಿಯಿತು. ನೀರು ಬಣ್ಣದಲ್ಲಿ ಆ ಹದ ಬರುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಹೊಟ್ಟೆಕಿಚ್ಚಾಯಿತು ಎಂದೇ ಹೇಳುತ್ತೇನೆ.

ಗುರುಗಳು ಬಂದು ಬಗ್ಗಿ ನೋಡಿದರು. "ಬ್ಯೂಟಿಫುಲ್ ಆಂಟಿ. ಆದ್ರೆ ಇಲ್ಲಿ ನೀವು ಯೋಚ್ನೆ ಮಾಡಿಬಿಟ್ಟಿದೀರ, ನೋಡಿ, ಟೈಟ್ ಆಗಿದೆ" ಎಂದು ಅವರ ಕೈಯ ಹತ್ತಿರವಿದ್ದ ಬ್ರಷ್ ತೆಗೆದುಕೊಂಡು ಮಧ್ಯಕ್ಕೆ ಒಂದು ನೇರಳೆ ಬಳಿದು, ಅಂಗಿಯ ಜೇಬಿನಲ್ಲಿದ್ದ ಪೊಟ್ಟಣದಿಂದ ಉಪ್ಪು ಉದುರಿಸಿದರು. "ಈಗ ನೋಡಿ, ಉಸಿರಾಡ್ತಾ ಇದೆ."

ತಪ್ಪೇ ಇಲ್ಲದ ವಿದ್ಯೆಯಲ್ಲೂ ತಪ್ಪು ಹುಡುಕಿ ತಿದ್ದಿದ ಆ ಮಹಾನುಭಾವನಿಗೆ ಅಲ್ಲೇ ನಾಲ್ಕು ಮಾತು ಅನ್ನಬೇಕೆಂದು ನಾಲಿಗೆ ತುರಿಸಿತು. ಅಕ್ಕ "ಹೂಂ" ಅಂದರು. ಕ್ಲಾಸು ಮುಗಿಯುವ ಹೊತ್ತಿಗೆ ಎಲ್ಲರ ಕಾಗದಗಳೂ ನೇರಳೆಯಾಗಿ, ಉಪ್ಪು ಹಚ್ಚಿಕೊಂಡು ಒಂದೇ ಬಸಿರಲ್ಲಿ ಹುಟ್ಟಿದವುಗಳಂತೆ ಸಾಲಾಗಿ ಒಣಗುತ್ತಿದ್ದವು. ಎಲ್ಲರೂ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಮನೆಗೆ ಬಂದ ಮೇಲೆ ಭಾವನವರ ಸರದಿ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನಿದು?" ಅಂದರು.

"ಏನೂ ಅಲ್ಲ" ಅಂದರು ಅಕ್ಕ.

"ಏನೂ ಅಲ್ದಿದ್ದಕ್ಕೆ ಇಷ್ಟು ದಪ್ಪ ಪೇಪರಾ?" ಭಾವನವರು ಅದನ್ನು ತಲೆಕೆಳಗು ಮಾಡಿದರು. "ಹೀಗ್ ಹಿಡಿದ್ರೆ ಪರವಾಗಿಲ್ಲ. ಅಂಚು ಮಾತ್ರ ಸೊಟ್ಟ ಇದೆ." ಸಂಜೆಯೊಳಗೆ ಸ್ಟೀಲ್ ಸ್ಕೇಲು, ಬ್ಲೇಡು ತಂದು ನಾಲ್ಕೂ ಕಡೆ ಅಳೆದು ಕತ್ತರಿಸಿಟ್ಟರು. ಅಕ್ಕನ ಬೆರಳು ಓಡಿದ್ದ ಜಾಗವೆಲ್ಲ ಅಂಚಿನಲ್ಲಿತ್ತು. ಉಳಿದದ್ದು ಗುರುಗಳ ನೇರಳೆ.

ಅಕ್ಕ ಕ್ಲಾಸಿಗೆ ಹೋಗುವುದನ್ನು ಬಿಟ್ಟರು. ಬಣ್ಣದ ಚೀಲ ಅಡುಗೆಮನೆಯ ಅಟ್ಟಕ್ಕೆ ಏರಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆ ದಿನಗಳಲ್ಲಿ ಕೆಳಗಿನ ಮನೆಗೆ ಹೊಸ ಬಣ್ಣ ಹೊಡೆಸುವ ಕೆಲಸ ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನುವುದಕ್ಕಿಂತ ನಿಂತಿತ್ತು ಅನ್ನಬೇಕು. ಹಾಲ್ ಗೋಡೆಗೆ ಬಿಳಿ ಪುಟ್ಟಿ ಬಳಿದು ಉಜ್ಜುವುದು ಮುಗಿದ ಮೇಲೆ, ಬಣ್ಣ ಕೆನೆಯೋ ದಂತವೋ ಎಂದು ಭಾವನವರು ಪೇಂಟಿನವರ ಜೊತೆ ಜಗಳವಾಡಿ ಅವರನ್ನು ಓಡಿಸಿದ್ದರು. ಸೋಫಾದ ಎದುರಿನ ದೊಡ್ಡ ಗೋಡೆ ವಾರಗಟ್ಟಲೆ ಬೆಳ್ಳಗೆ, ಬರಿದಾಗಿ ನಿಂತಿತ್ತು. ಪುಟ್ಟಿ ಬಳಿದ ಗೋಡೆ ನೀರನ್ನು ಹೀರುವ ರೀತಿ ಒಳ್ಳೆಯ ಚಿತ್ರದ ಕಾಗದಕ್ಕೂ ಬರುವುದಿಲ್ಲ.

ಒಂದು ದಿನ ಭಾವನವರು ಪಿಂಚಣಿದಾರರ ಸಭೆಗೆಂದು ರಾಜಾಜಿನಗರಕ್ಕೆ ಹೋದವರು ಸಭೆ ನಡೆಯದೆ ಬೇಗ ವಾಪಸಾದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನನ್ನ ಹೆಸರು ಹಿಡಿದು ಕೂಗು. ಓಡಿಹೋದೆ.

"ನೋಡಮ್ಮ, ನಿಮ್ ಬಚ್ಚಲು ಸೋರಿ ನನ್ನ ಗೋಡೆ ಏನಾಗಿದೆ ನೋಡು."

ಗೋಡೆಯ ಮೇಲಿನಿಂದ ಆಳೆತ್ತರಕ್ಕೆ ಕಂದು, ಪಾಚಿ ಹಸಿರು, ಕೆಳಗೆ ಎಲ್ಲೋ ಒಂದು ಕಡೆ ಮಬ್ಬು ನೀಲಿ ಒಂದರೊಳಗೊಂದು ಹರಿದು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದವು. ಅದರ ನೇರ ಮೇಲೆ ನಮ್ಮ ಬಚ್ಚಲು ಇರುವುದು ನಿಜ. ಆದರೆ ನಾನು ಡ್ರಾಯಿಂಗ್ ಮಿಸ್. ಎಲ್ಲಿ ಬಣ್ಣ ತುಂಬಿದ ಕೈ ತಿರುಗಿದೆ, ಎಲ್ಲಿ ಎರಡು ಬೆರಳು ನಿಂತು ಕಾದಿವೆ, ಎಲ್ಲಿ ಸ್ಟೂಲಿನ ಮೇಲೆ ಹತ್ತಿ ತೋಳು ಚಾಚಿದ್ದಾರೆ ಎಲ್ಲವೂ ಕಂಡಿತು. ಕೆಳಗಿನ ಮೂಲೆಯಲ್ಲಿ, ಹಸಿರಿನ ಒಳಗೆ, ಒಂದು ಸಾಲು ಚುಕ್ಕಿ ಅರ್ಧ ಕರಗಿತ್ತು. ಅಕ್ಕ ಊಟದ ಮೇಜಿನ ಆಚೆ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು. ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು.

ಹೇಳಿಬಿಡಬಹುದಿತ್ತು. ಹೇಳಿದ್ದರೆ ಭಾವನವರು ಗುಡುಗಿ, ಆಮೇಲೆ ಮೇಲಿನ ಕಂದು ಕೊಂಚ ಜಾಸ್ತಿಯಾಯಿತು ಎಂದು ತೋರಿಸಿಕೊಟ್ಟು, ಕೊನೆಗೆ ಅದರ ಮೇಲೆ ಪುಟ್ಟಿ ಬಳಿಸುತ್ತಿದ್ದರು. ಅಕ್ಕನಿಗೆ ಬೇಕಾದ ಒಂದೇ ಒಂದು ವಸ್ತು ಈಗ ಗೋಡೆಯ ಮೇಲಿತ್ತು. ಅದು ಚಿತ್ರ ಎಂದು ಗೊತ್ತಾದ ಕ್ಷಣ ಅದರ ಕಥೆ ಮುಗಿಯುತ್ತಿತ್ತು. ಜೊತೆಗೆ, ನಿಜ ಹೇಳುತ್ತೇನೆ, ಇಷ್ಟು ದೊಡ್ಡ ಇಂಜಿನಿಯರು ಎಷ್ಟು ದೂರ ಹೋಗುತ್ತಾರೆ ನೋಡೋಣ ಎಂಬ ಆಸೆಯೂ ನನಗೆ ಹುಟ್ಟಿತು.

"ಅಯ್ಯೋ, ಹೌದಲ್ಲ ಭಾವ" ಅಂದೆ.

ಭಾವನವರು ಬಹಳ ದೂರ ಹೋದರು. ಟಾರ್ಚು ತಂದು ಮೇಲಿನಿಂದ ಕೆಳಗೆ ಬಿಟ್ಟು ನೋಡಿದರು. ಅಂಗೈ ಇಟ್ಟು ನೋಡಿದರು, ಮೂಸಿ ನೋಡಿದರು. ನನ್ನ ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದರು. ಕಂದು ಬಣ್ಣ ಹಳೆಯ ಜಿಐ ಪೈಪಿನ ತುಕ್ಕು. ಹಸಿರು ಪಾಚಿ, ಅಂದರೆ ಸೋರಿಕೆ ಇವತ್ತಿನದಲ್ಲ, ಬಹಳ ದಿನದ್ದು.

"ನೀಲಿ?" ಎಂದು ನನ್ನ ಗಂಡ ಮೆಲ್ಲಗೆ ಕೇಳಿದರು.

"ಅದು ನಿನ್ನ ಹೆಂಡ್ತಿ ಬಿಳಿ ಬಟ್ಟೆಗೆ ಹಾಕೋ ನೀಲಿ. ಎಷ್ಟು ಸುರೀತಾಳೆ ಅಂತ ಗೋಡೇನೇ ಹೇಳ್ತಿದೆ."

ನನ್ನ ಗಂಡ ಅಣ್ಣನ ಎದುರು ಬಾಯಿ ಬಿಡುವವರಲ್ಲ. ನನ್ನ ಕಡೆ ತಿರುಗಿ, ನೀಲಿ ಕಡಿಮೆ ಹಾಕು ಅಂದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಯಾರು ಹೆಚ್ಚು ದಡ್ಡರು ಎಂದು ನನಗೆ ಆಗ ತೀರ್ಮಾನಿಸಲಾಗಲಿಲ್ಲ.

ಮರುದಿನ ಗಾರೆಯವನು ಬಂದ. ಅವನಿಗೆ ಗೋಡೆಯೂ ಬೇಡ, ನೀರೂ ಬೇಡ, ಕೆಲಸ ಬೇಕು. ಭಾವನವರು ಸೋರಿಕೆ ಅಂದರೆ, "ಸೋರಿಕೆನೇ ಸಾರ್, ಎಂಥಾ ಸೋರಿಕೆ" ಅಂದ. ಬಹಳ ದಿನದ್ದು ಅಂದರೆ, "ವರ್ಷಗಟ್ಲೆದು ಸಾರ್" ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅವತ್ತೇ ನಮ್ಮ ಬಚ್ಚಲಿನ ಟೈಲ್ಸ್ ಒಡೆಯುವುದಕ್ಕೆ ಶುರುವಾಯಿತು. ನಾನು ಆರಿಸಿ ಹಾಕಿಸಿದ್ದ ಟೈಲ್ಸ್ ಅವು. ಸುತ್ತಿಗೆಯ ಒಂದೊಂದು ಏಟಿಗೂ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಅಕ್ಕ ಮೆಟ್ಟಿಲ ಹತ್ತಿರ ಬಂದು ನಿಂತು, "ಹೇಳ್ಬಿಡ್ಲೇನೇ? ನಿನ್ ಬಚ್ಚಲು ಹೋಯ್ತಲ್ಲೇ" ಅಂದರು. ಮುಖ ಬಾಡಿತ್ತು.

"ಬಚ್ಚಲು ಹೋದ್ರೆ ಇನ್ನೊಂದು ಕಟ್ತಾರೆ. ಸುಮ್ನೆ ಒಳಗ್ ಹೋಗಿ ಅಕ್ಕ" ಅಂದೆ.

ಬೆಟ್ಟ ಅಗೆದರು, ಇಲಿಯೂ ಸಿಗಲಿಲ್ಲ. ಪೈಪು ಒಣಗಿ ನೆಟ್ಟಗಿತ್ತು. ಅದರ ಕೆಳಗಿನ ಕಾಂಕ್ರೀಟು ಬೇಸಿಗೆಯ ರಸ್ತೆಯ ಹಾಗೆ ಒಣಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅನುಮಾನ ಪಡುತ್ತಿದ್ದರು. ಭಾವನವರದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬೀದಿಯವರಿಗೆಲ್ಲ ಸೋರಿಕೆಯ ವಿವರ ಹೇಳಿ ಆಗಿತ್ತು. ಎದುರುಮನೆಯವರಿಗೆ, ನಿಮ್ಮ ಮೇಲಿನ ಪೋರ್ಷನ್ನನ್ನೂ ಒಮ್ಮೆ ನೋಡಿಸಿಕೊಳ್ಳಿ ಎಂದು ಸಲಹೆ ಬೇರೆ ಕೊಟ್ಟಿದ್ದರು. ಈಗ ಸೋರಿಕೆ ಇಲ್ಲ ಅಂದರೆ ಹೇಗೆ? ನೀರು ಪೈಪಿನಿಂದ ಬಂದದ್ದಲ್ಲ, ಸ್ಲ್ಯಾಬಿನ ಒಳಗೆ ಎಲ್ಲಿಂದಲೋ ದಾರಿ ಮಾಡಿಕೊಂಡು ಬಂದಿದೆ, ಇಂಥದ್ದು ನಮ್ಮ ಸರ್ವಿಸಿನಲ್ಲಿ ಎಷ್ಟು ನೋಡಿಲ್ಲ ಎಂದು ತೀರ್ಪು ಕೊಟ್ಟರು.

ಆಮೇಲೆ ಒಂದು ಕೆಲಸ ಮಾಡಿದರು. ಪೆನ್ಸಿಲು, ಉದ್ದನೆಯ ಮರದ ಪಟ್ಟಿ ತಂದು ಕಲೆಯ ಸುತ್ತ ನಾಲ್ಕೂ ಕಡೆ ನೇರ ಗೆರೆ ಎಳೆದರು. ತೇವ ಗೆರೆ ದಾಟಿದರೆ ಹರಡುತ್ತಿದೆ ಎಂದರ್ಥ, ದಾಟದಿದ್ದರೆ ನಿಂತಿದೆ ಎಂದರ್ಥ. ಇಂಜಿನಿಯರುಗಳು ಹೀಗೆ ಮಾಡುತ್ತಾರಂತೆ. ಕೆಳಗಿನ ಬಲಮೂಲೆಯಲ್ಲಿ ತಾರೀಖು ಬರೆದು, ಕಚೇರಿಯ ಕಾಗದಕ್ಕೆ ಹಾಕುತ್ತಿದ್ದ ಹಾಗೆ ಸಣ್ಣಗೆ ಸಹಿ ಹಾಕಿದರು. ಹೆಂಡತಿಯ ಚಿತ್ರಕ್ಕೆ ತಾವೇ ಚೌಕಟ್ಟು ಹಾಕಿ, ತಮ್ಮ ಸಹಿ ಮಾಡಿದ ಮನುಷ್ಯನನ್ನು ನಾನು ಅಲ್ಲಿಯವರೆಗೆ ಎಲ್ಲೂ ನೋಡಿರಲಿಲ್ಲ. ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಪೇಂಟಿನವರು ಮತ್ತೆ ಬಂದಾಗ, ಗೆರೆಯ ಒಳಗೆ ಯಾರೂ ಕೈ ಹಾಕಬಾರದು, ಪೂರ್ತಿ ಆರುವವರೆಗೆ ಮುಟ್ಟುವಂತಿಲ್ಲ ಎಂದು ಭಾವನವರು ಕಟ್ಟಪ್ಪಣೆ ಮಾಡಿದರು. ಹಾಲಿಗೆಲ್ಲ ದಂತದ ಬಣ್ಣ ಬಂತು. ನಡುವೆ ಅದೊಂದು ಮಾತ್ರ ಹಾಗೇ ಉಳಿಯಿತು. ಅದು ಪೂರ್ತಿ ಆರಲೂ ಇಲ್ಲ. ಭಾವನವರು ಬ್ಯಾಂಕಿಗೋ ಸಭೆಗೋ ಹೋದಾಗ ಅಕ್ಕ ಅಟ್ಟದ ಚೀಲ ಇಳಿಸುತ್ತಿದ್ದರು. ಗೆರೆ ದಾಟುತ್ತಿರಲಿಲ್ಲ. ಒಂದು ದಿನ ಹಸಿರಿಗೆ ಸ್ವಲ್ಪ ಅರಿಶಿನದ ಛಾಯೆ, ಇನ್ನೊಂದು ದಿನ ನೀಲಿಯ ಪಕ್ಕ ಸ್ವಲ್ಪ ಬೂದಿ. ಮರುಬೆಳಿಗ್ಗೆ ಭಾವನವರು ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು ಬಹಳ ಹೊತ್ತು ನೋಡುತ್ತಿದ್ದರು. ಹೆಂಡತಿ ಮಾಡಿದ ಯಾವುದನ್ನೂ ಅವರು ಅಷ್ಟು ಹೊತ್ತು, ಬಾಯಿ ಮುಚ್ಚಿಕೊಂಡು ನೋಡಿದ್ದಿಲ್ಲ.

ಈ ನಡುವೆ ಒಂದು ಸಲ ವಿಜಯನಗರದ ಗುರುಗಳು ಮನೆಗೇ ಬಂದರು. ಹೊಸ ಬ್ಯಾಚಿಗೆ ಜನ ಸಾಲದೆ ಹಳೆಯವರನ್ನು ಕರೆಯಲು ಹೊರಟಿದ್ದರು. ಅದೇ ಸೋಫಾದಲ್ಲಿ, ಅದೇ ಗೋಡೆಗೆ ಎದುರಾಗಿ ಕೂತು, ಸಹಜ ಕಲೆಯನ್ನು ಗುರುತಿಸುವ ಕಣ್ಣನ್ನು ತಾವು ಹೇಗೆ ಬೆಳೆಸಿಕೊಂಡೆವು ಎಂದು ಭಾವನವರಿಗೆ ವಿವರಿಸಿದರು. ಈಗ ಸಿಕ್ಕಿಬೀಳುತ್ತೇವೆ ಅಂದುಕೊಂಡೆ. ಗುರುಗಳು ಗೋಡೆಯ ಕಡೆ ನೋಡಿದರು. ಕತ್ತು ಒಂದು ಕಡೆಗೆ ವಾಲಿಸಿದರು.

"ನಮ್ ಸ್ಟುಡಿಯೋದಲ್ಲೂ ಇದೇ ಪ್ರಾಬ್ಲಮ್ ಸಾರ್. ಬೇಕರಿಯವ್ರ ಟ್ಯಾಂಕ್ ಸೋರುತ್ತೆ. ನಿಮ್ಗೆ ಯಾರಾದ್ರೂ ಒಳ್ಳೆ ವಾಟರ್‌ಪ್ರೂಫಿಂಗ್‌ನವ್ರು ಗೊತ್ತಾ?"

ಭಾವನವರು ನಮ್ಮ ಬಚ್ಚಲು ಒಡೆದವನ ನಂಬರು ಕೊಟ್ಟರು. ತಕ್ಕ ಗುರುವಿಗೆ ತಕ್ಕ ಗಾರೆಯವನು.

ಇಷ್ಟಾದ ಮೇಲೆ ಭಾವನವರ ಸೋದರತ್ತೆ ದಾವಣಗೆರೆಯಿಂದ ಬಂದರು. ಎಂಬತ್ತರ ಮೇಲಾದ ಗಟ್ಟಿ ಜೀವ. ನಾಗರಬಾವಿಯಲ್ಲಿ ಯಾರದೋ ಮದುವೆ ಮುಗಿಸಿಕೊಂಡು ನಮ್ಮಲ್ಲಿ ಇಳಿದುಕೊಂಡರು. ಈ ಮನೆಯಲ್ಲಿ ಭಾವನವರು ಎದ್ದು ನಿಂತು ಮಾತಾಡಿಸುವುದು ಅವರೊಬ್ಬರನ್ನೇ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದು ಸೋಫಾದ ಮೇಲೆ ಕಾಲು ಮಡಿಚಿ ಕೂತರು. ಅವರಿಗೆ ಬಚ್ಚಲಿನ ಕಥೆಯನ್ನು ಇನ್ನೂ ಯಾರೂ ಹೇಳಿರಲಿಲ್ಲ. ಎದುರಿನ ಗೋಡೆಯನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬಾಯಲ್ಲಿದ್ದ ಅಡಿಕೆಯನ್ನು ಅಗಿಯುವುದು ನಿಂತಿತು. ನಾನು ಅವರ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದೆ. ಅಕ್ಕ ಅಡುಗೆಮನೆಯಲ್ಲಿ ಕಾಫಿಗೆ ಹಾಲಿಟ್ಟಿದ್ದರು. ನಡುವೆ ಬಾಗಿಲಿಲ್ಲ, ಪರದೆ ಅಷ್ಟೇ.

"ಯಾರ್ ಬರ್ದಿದ್ದೋ ಇದು?" ಅಂದರು ಅಜ್ಜಿ.

ಭಾವನವರು ಪೇಪರ್ ಮಡಿಚಿದರು. "ಯಾವುದತ್ತೆ?"

"ಅದೇ ಕಣೋ, ಆ ಚಿತ್ರ. ಭಾಳ ಚೆನ್ನಾಗೈತಲ್ಲೋ. ನೋಡ್ತಾ ಕುಂತ್ರೆ ಏಳೋಕೇ ಮನಸಾಗಲ್ಲ."

ಭಾವನವರು ನಕ್ಕರು. ಮಕ್ಕಳು ದಡ್ಡ ಪ್ರಶ್ನೆ ಕೇಳಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. "ಚಿತ್ರ ಅಲ್ಲ ಅತ್ತೆ, ಅದು ತೇವ. ಮೇಲಿನ ಬಚ್ಚಲು ಸೋರಿ ಆಗಿರೋದು. ಆರ್ಲಿ ಅಂತ ನಾನೇ ಬಿಟ್ಟಿದೀನಿ."

"ತೇವ ಎಲ್ಲಾರ ಹಿಂಗ್ ಇರ್ತೈತೇನೋ? ಯಾರೋ ಮನಸಿಟ್ಟು ಮಾಡ್ಯಾರೆ ಅದನ್ನ."

"ಅಯ್ಯೋ ಅತ್ತೆ" ಎಂದು ಭಾವನವರು ಕುರ್ಚಿಗೆ ಒರಗಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. "ನಮ್ಮನೇಲಿ ಅಂಥದ್ದು ಮಾಡೋರು ಯಾರಿದಾರೆ?"

ಸೊಪ್ಪಿನ ದಂಟು ನನ್ನ ಕೈಯಲ್ಲೇ ಮುರಿಯಿತು. ಇಷ್ಟು ದಿನ ಅವರ ದಡ್ಡತನಕ್ಕೆ ನಕ್ಕಿದ್ದೆ. ಅದು ಬರೀ ದಡ್ಡತನವಲ್ಲ ಎಂಬುದು ಆಗ ತಿಳಿಯಿತು. ಗೋಡೆಯೊಳಗಿನ ತುಕ್ಕು, ಪಾಚಿ, ಕಾಣದ ದಾರಿಯಲ್ಲಿ ಹರಿದುಬಂದ ನೀರು ಇಷ್ಟನ್ನೂ ಆ ಮನುಷ್ಯ ನಂಬಬಲ್ಲ. ಬಚ್ಚಲು ಒಡೆದು ಏನೂ ಸಿಗದಿದ್ದರೂ ನಂಬಬಲ್ಲ. ತನ್ನ ಹೆಂಡತಿಗೆ ಕೈ ಇದೆ ಎಂಬುದೊಂದು ಮಾತ್ರ ಅವನ ತಲೆಯ ಹತ್ತಿರವೂ ಸುಳಿಯಲಾರದು. ಇನ್ನು ತಡೆಯಬಾರದು, ಮುಖದ ನೀರಿಳಿಯುವಂತೆ ಹೇಳಿಬಿಡಬೇಕೆಂದು ಎದ್ದೆ. ಆದರೆ ಈ ಮಾತು ಕೇಳಿ ಒಳಗೆ ಅಕ್ಕ ಏನಾದರೋ ಎಂದು ಹೆದರಿ, ಮೊದಲು ಪರದೆ ಸರಿಸಿ ಅಡುಗೆಮನೆಗೆ ಹೋದೆ.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಅಕ್ಕ ಅದರ ಮುಂದೆಯೇ ನಿಂತಿದ್ದರೂ ಅವರಿಗೆ ಅದು ಕಂಡಿರಲಿಲ್ಲ. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದರು, ಕಣ್ಣು ತುಂಬಿತ್ತು. ನನ್ನನ್ನು ಕಂಡೊಡನೆ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ಕೇಳಿಸ್ತೇನೇ ನಿಂಗೆ?" ಎಂದು ಪಿಸುಗುಟ್ಟಿದರು. "ಭಾಳ ಚೆನ್ನಾಗೈತೆ ಅಂದ್ರು ಕಣೇ."

ಅವರು ಕಾಯುತ್ತಿದ್ದರು. ನನಗೆ ಕೇಳಿಸಿದ್ದು ಬೇರೆ ಮಾತು. ಅವರಿಗೂ ಅದು ಕೇಳಿಸಿಯೇ ಇರಬೇಕು, ಪರದೆಯ ಆಚೆ ಆಡಿದ ಮಾತಲ್ಲವೇ.

"ಕೇಳಿಸ್ತು ಅಕ್ಕ" ಅಂದೆ. ಒಲೆ ಆರಿಸಿ, ಬಟ್ಟೆ ತೆಗೆದುಕೊಂಡು ಹಾಲು ಒರೆಸಿದೆ.